ಆಚೆ ಬದಿಯ ಕೋಳಿಗೂ ಮಜ್ಜಿಗೆ

ಕೋಳಿಗಳು ಸತ್ತ ಮೇಲೆ ಬಹಳ ದಿನ ನಾನು ಶೆಡ್ಡಿನ ಬಾಗಿಲು ತೆಗೆಯಲಿಲ್ಲ. ಬೀಗವೇನೂ ಇರಲಿಲ್ಲ, ಬರೀ ಚಿಲಕ. ಹಸುವಿಗೆ ಹುಲ್ಲು ತರಲು ಹೋಗುವ ದಾರಿ ಶೆಡ್ಡಿನ ಮಗ್ಗುಲಲ್ಲೇ ಇದೆ. ಅದನ್ನು ಬಿಟ್ಟು ರಾಗಿ ಹೊಲದ ಬದುವಿನ ಮೇಲೆ ಸುತ್ತು ಹಾಕಿ ಹೋಗುತ್ತಿದ್ದೆ. ಯಾಕೆ ಎಂದು ಯಾರಾದರೂ ಕೇಳಿದರೆ ಆ ಕಡೆ ಹುಲ್ಲು ಚೆನ್ನಾಗಿದೆ ಎನ್ನುತ್ತಿದ್ದೆ. ಹುಲ್ಲು ಎರಡೂ ಕಡೆ ಒಂದೇ ಥರ ಇತ್ತು.

ನಮ್ಮದು ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆಯ ಹತ್ತಿರದ ಊರು. ನನ್ನ ಗಂಡ ದೊಡ್ಡಬಳ್ಳಾಪುರದ ಒಂದು ಕಾರ್ಖಾನೆಗೆ ಪಾಳಿ ಕೆಲಸಕ್ಕೆ ಹೋಗುತ್ತಾರೆ. ಹಗಲೆಲ್ಲ ಮನೆಯಲ್ಲಿ ಇರುವವರು ನಾನು ಮತ್ತು ನನ್ನ ಅತ್ತೆ. ನಾಟಿ ಕೋಳಿ ಸಾಕಬೇಕೆಂಬುದು ನನ್ನ ಆಸೆಯಾಗಿತ್ತು. ಹಿಂದೆ ರೇಷ್ಮೆ ಹುಳು ಸಾಕುತ್ತಿದ್ದ ಮನೆಯೊಂದು ಹಿಪ್ಪುನೇರಳೆ ತೋಟದ ಮೂಲೆಯಲ್ಲಿ ಖಾಲಿ ಬಿದ್ದಿತ್ತು. ಅದರ ಕಿಟಕಿಗಳಿಗೆ ಮೆಶ್ ಹೊಡೆಸಿ, ನೆಲಕ್ಕೆ ಭತ್ತದ ಹೊಟ್ಟು ಹರಡಿ, ಶೆಡ್ಡು ಮಾಡಿಕೊಂಡೆವು. ಮೊದಲ ಎರಡು ಬ್ಯಾಚು ಚೆನ್ನಾಗಿ ಬಂದವು. ಮೂರನೆಯದು ಹೋಯಿತು.

ಹೇಗೆ ಹೋಯಿತು ಎಂಬುದನ್ನು ಕಂಡಷ್ಟೇ ಬರೆಯುತ್ತೇನೆ. ಮೊದಲ ದಿನ ಒಂದೇ ಒಂದು ಹೇಟೆ ಮೂಲೆಯಲ್ಲಿ ಪುಕ್ಕ ಉಬ್ಬಿಸಿಕೊಂಡು ಕಣ್ಣು ಮುಚ್ಚಿ ನಿಂತಿತ್ತು. ಅದರ ಕಾಲ ಬಳಿ ಹಿಕ್ಕೆ ಹಸಿರಾಗಿತ್ತು. ಮಾರನೆಯ ಬೆಳಿಗ್ಗೆ ಅಂಥವು ಬಹಳ ಇದ್ದವು. ಆಮೇಲೆ ಕೆಲವು ಕುತ್ತಿಗೆ ತಿರುಚಿಕೊಂಡು, ಮಾಡಿನ ಕಡೆ ಏನನ್ನೋ ಹುಡುಕುವ ಹಾಗೆ ನೋಡುತ್ತ, ಹಿಂದಕ್ಕೆ ಹಿಂದಕ್ಕೆ ನಡೆಯತೊಡಗಿದವು. ಕಾಳಿಗೆ ಕೊಕ್ಕು ಹಾಕಿದರೆ ಕೊಕ್ಕು ಕಾಳಿನ ಪಕ್ಕಕ್ಕೆ ಬೀಳುತ್ತಿತ್ತು. ಅದನ್ನು ನೋಡುವುದು ಸಾವನ್ನು ನೋಡುವುದಕ್ಕಿಂತ ಕಷ್ಟವಾಗಿತ್ತು. ನನ್ನ ಗಂಡ ತೋಟದ ಅಂಚಿನಲ್ಲಿ ಗುಂಡಿ ತೋಡಿ, ಸುಣ್ಣ ಹಾಕಿ, ಮಣ್ಣು ಮುಚ್ಚಿದರು. ಎಲ್ಲದಕ್ಕೂ ಒಂದು ಮಾತು ಇಟ್ಟುಕೊಂಡಿರುವ ನನ್ನ ಅತ್ತೆ ಆ ವಾರ ಏನೂ ಮಾತಾಡಲಿಲ್ಲ.

ನಮ್ಮ ಕಡೆ ಅದಕ್ಕೆ ಕೊಕ್ಕರೆ ರೋಗ ಎನ್ನುತ್ತಾರೆ. ನನ್ನನ್ನು ಅಲುಗಾಡಿಸಿದ್ದು ರೋಗವಲ್ಲ. ನಾವು ಲಸಿಕೆ ಹಾಕಿಸಿದ್ದೆವು. ಹಾಕಿಸಿಯೂ ಹೀಗಾಯಿತು. ಯಾಕೆ ಎಂದು ಎಲ್ಲರೂ ಹೇಳಿದರು. ಔಷಧಿ ಅಂಗಡಿಯವನು ಬಿಸಿಲಿಗೆ ಲಸಿಕೆ ಕೆಟ್ಟಿರಬೇಕು ಎಂದ. ಪಕ್ಕದ ತೋಟದವರು ಕಣ್ಣು ಬಿದ್ದಿದೆ ಎಂದರು. ನಮ್ಮ ನೆಂಟರೊಬ್ಬರು ಜಾಗವೇ ಸರಿಯಿಲ್ಲ, ಹುಳುವೂ ಅಲ್ಲೇ ಸಾಯುತ್ತಿತ್ತು ಎಂದರು. ಎಲ್ಲರಿಗೂ ಕಾರಣ ಗೊತ್ತಿತ್ತು. ನನಗೆ ಮಾತ್ರ ಗೊತ್ತಾಗಲಿಲ್ಲ.

ಆಗ ಪಶುವೈದ್ಯರ ಜೊತೆ ಸತ್ತ ಕೋಳಿಗಳನ್ನು ನೋಡಲು ಒಬ್ಬ ಹುಡುಗಿ ಬಂದಿದ್ದಳು. ಪಶುವೈದ್ಯ ಕಾಲೇಜಿನಲ್ಲಿ ಮೇಲಿನ ಓದು ಓದುತ್ತಿದ್ದವಳು. ಹೆಚ್ಚು ಮಾತಾಡಿರಲಿಲ್ಲ. ಹೋಗುವಾಗ ಕೈಗವಸು ಬಿಚ್ಚಿ, ಬರಿಗೈಯಲ್ಲಿ ನನ್ನ ಕೈ ಹಿಡಿದು, "ಬರ್ತೀನಿ ಅಕ್ಕ" ಎಂದಿದ್ದಳು. ಸುಮಾರು ಆರು ತಿಂಗಳಾದ ಮೇಲೆ ಅವಳೇ ಸ್ಕೂಟರಿನಲ್ಲಿ ಬಂದಳು. ನಮ್ಮ ಶೆಡ್ಡಿನಲ್ಲಿ ಒಂದು ಬ್ಯಾಚು ಮರಿ ಸಾಕಿ ತನ್ನ ಓದಿಗೆ ಪರೀಕ್ಷೆ ಮಾಡಬೇಕಂತೆ. ಮರಿ, ಲಸಿಕೆ, ನೀರಿಗೆ ಬೆರೆಸುವ ಒಂದು ಪುಡಿ ತನ್ನದು. ಜಾಗ ಮತ್ತು ಸಾಕಣೆ ನಮ್ಮದು. ಮುಗಿದ ಮೇಲೆ ಕೋಳಿ ನಮಗೇ.

ನನ್ನ ಗಂಡನಿಗೆ ಮನಸ್ಸಿರಲಿಲ್ಲ. ಹೆದ್ದಾರಿ ಕಡೆಯಿಂದ ಒಬ್ಬರು ಬಂದು ಶೆಡ್ಡನ್ನು ರಟ್ಟಿನ ಪೆಟ್ಟಿಗೆ ಇಡುವ ಗೋಡೌನಿಗೆ ಕೇಳಿ ಹೋಗಿದ್ದರು.

"ರಟ್ಟಿಗೆ ರೋಗ ಬರಲ್ಲ ಕಣೆ," ಎಂದರು.

ಮಾರನೆಯ ದಿನ ನಾನು ಹುಲ್ಲು ತರಲು ಶೆಡ್ಡಿನ ಪಕ್ಕದ ದಾರಿಯಲ್ಲೇ ಹೋದೆ. ಬರುವಾಗ ಚಿಲಕ ತೆಗೆದೆ. ಒಳಗೆ ಹಳೆಯ ಹೊಟ್ಟಿನ ವಾಸನೆ, ಒಂದು ಮೂಲೆಯಲ್ಲಿ ಕೆಂಪು ತಳದ ನೀರಿನ ಡಬ್ಬಿಗಳು. ಅಲ್ಲೇ ನಿಂತಿದ್ದೆ. ಎಷ್ಟು ಹೊತ್ತಾಯಿತೋ, ಹಿಂದಿನಿಂದ ಅತ್ತೆ ಸುಣ್ಣದ ಬಕೆಟ್ಟು ಹಿಡಿದುಕೊಂಡು ಬಂದರು.

"ಅತ್ತ ಸರ್ಕೋ. ಗೋಡೆಗೆ ಬಳೀಬೇಕು," ಎಂದರು.

ಅಂದು ಸಂಜೆ ನನ್ನ ಗಂಡ ಕಾಲು ತೊಳೆಯುತ್ತ ಹೇಳಿದರು: "ಇದೊಂದ್ ಸಲ ನೋಡು. ಲಸಿಕೆ ಹಿಡೀತು ಅಂತ ಆ ಹುಡ್ಗಿ ಪರೀಕ್ಷೆ ಮಾಡಿ ಹೇಳುದ್ರೆ ಸಾಕ್ತಾ ಇರು, ನಾನ್ ಅಡ್ಡ ಬರಲ್ಲ. ಹಿಡೀಲಿಲ್ಲ ಅಂದ್ರೆ ಗೋಡೌನಿಗೆ ಕೊಟ್ಬುಡಾಣ. ಇನ್ನೊಂದ್ ಸಲ ಗುಂಡಿ ತೋಡಕ್ಕೆ ನನ್ ಕೈಲಿ ಆಗಲ್ಲ."

ಅವರಿಗೂ ಕಷ್ಟವಾಗಿತ್ತು ಎಂಬುದು ನನಗೆ ಗೊತ್ತಾದದ್ದು ಆಗಲೇ.

ಮರಿಗಳು ಬರುವ ಮುಂಚೆ ಆ ಹುಡುಗಿ ಬಂದು, ಅತ್ತೆ ಅವಳನ್ನು ಡಾಕ್ಟ್ರಮ್ಮ ಎಂದೇ ಕರೆಯುತ್ತಿದ್ದರು, ಶೆಡ್ಡಿನ ನಡುವೆ ಅಡ್ಡಲಾಗಿ ಮೆಶ್ ಕಟ್ಟಿಸಿದಳು. ಬಾಗಿಲ ಕಡೆಯದು ಈಚೆ ಬದಿ, ತೋಟದ ಕಡೆಯದು ಆಚೆ ಬದಿ. ಎರಡಕ್ಕೂ ಬೇರೆ ಬೇರೆ ನೀರಿನ ಡಬ್ಬಿ, ಬೇರೆ ಬಕೆಟ್ಟು. ಒಳಗೆ ಹೋಗುವವರಿಗೆ ಎರಡು ಜೊತೆ ಚಪ್ಪಲಿ.

ಅತ್ತೆ ಚಪ್ಪಲಿಗಳನ್ನು ನೋಡಿದರು. "ಚಪ್ಪಲಿನೂ ಬೇರೆನಾ? ಒಂದೇ ಕಡೆಯಿಂದ ಬರೋ ಮರಿಗೋಳಿಗೆ ಏನವ್ವ ಈ ಮಡಿ ಮೈಲಿಗೆ?"

"ಮಡಿ ಅಲ್ಲ ಅಜ್ಜಿ. ಈಚೆದು ಆಚೆಗೆ ಬೆರೀಬಾರದು, ಅದಕ್ಕೆ. ಈಚೆ ಬದಿಗೆ ನೀರಲ್ಲಿ ಈ ಪುಡಿ ಹಾಕ್ತೀವಿ. ಆಚೆ ಬದಿಗೆ ಬರೀ ನೀರು. ಲಸಿಕೆ ಮಾತ್ರ ಎರಡೂ ಕಡೆ ಒಂದೇ."

"ಪುಡೀಲಿ ಏನೈತೆ?"

"ಒಳ್ಳೇ ಬ್ಯಾಕ್ಟೀರಿಯಾ ಅಜ್ಜಿ. ಪ್ರೊಬಯಾಟಿಕ್ ಅಂತೀವಿ. ಮೊಸರು ಮಜ್ಜಿಗೇಲಿ ಇರ್ತಾವಲ್ಲ, ಆ ಥರದ್ದು. ಹೊಟ್ಟೆಗೆ ಒಳ್ಳೇದು."

"ಒಳ್ಳೇದು ಅಂದ್ಮೇಲೆ, ಆಚೆ ಕಡೆಯವು ಏನ್ ತಪ್ಪು ಮಾಡವೆ?"

ಡಾಕ್ಟ್ರಮ್ಮ ನಕ್ಕು ವಿವರಿಸಿದಳು. ರೋಗವನ್ನು ಎದುರಿಸುವುದನ್ನು ಕೋಳಿಯ ಮೈ ಕಲಿಯುತ್ತದೆ. ಆ ಕಲಿಕೆಯಲ್ಲಿ ಕರುಳಿನ ಪಾಲು ದೊಡ್ಡದು. ಲಸಿಕೆ ಒಂದು ಪಾಠ ಇದ್ದ ಹಾಗೆ; ಹೊಟ್ಟೆ ಕೆಟ್ಟ ಮಗು ತರಗತಿಯಲ್ಲಿ ಕೂತರೂ ಪಾಠ ತಲೆಗೆ ಹೋಗುವುದಿಲ್ಲ. ಹೊಟ್ಟೆಯಲ್ಲಿ ಒಳ್ಳೆಯವು ತುಂಬಿಕೊಂಡಿದ್ದರೆ ಲಸಿಕೆ ಚೆನ್ನಾಗಿ ಹಿಡಿಯಬಹುದು. "ಹಿಡಿಯಬಹುದು ಅಂತ ಅಷ್ಟೇ ಅಕ್ಕ," ಎಂದು ನನ್ನ ಕಡೆ ತಿರುಗಿದಳು. "ಕೆಲವು ಕಡೆ ಹಾಗಾಗಿದೆ, ಕೆಲವು ಕಡೆ ವ್ಯತ್ಯಾಸಾನೇ ಕಂಡಿಲ್ಲ. ಪುಡಿ ಕೊಟ್ಟಿದ್ದು, ಕೊಡದೇ ಇದ್ದಿದ್ದು, ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡುದ್ರೆ ತಾನೆ ಗೊತ್ತಾಗೋದು?"

ನನಗೆ ಅರ್ಥವಾಯಿತು. ಅತ್ತೆಗೂ ಆಗಿದೆ ಅಂದುಕೊಂಡೆ. ಅವರು ತಲೆಯಾಡಿಸಿದ್ದರು.

ಮರಿಗಳು ಬಂದವು. ಎರಡೂ ಬದಿಯಲ್ಲಿ ಒಂದೊಂದು ತಗಡಿನ ಸುತ್ತು ಕಟ್ಟಿ, ಕಾವಿಗೆ ನಡುವೆ ಬಲ್ಬು ಇಳಿಬಿಟ್ಟು, ಅದರಡಿ ಬಿಟ್ಟೆವು. ಮೊದಲ ವಾರ ಡಾಕ್ಟ್ರಮ್ಮ ಒಂದೊಂದೇ ಮರಿಯನ್ನು ಅಂಗೈಯಲ್ಲಿ ಹಿಡಿದು ಕಣ್ಣಿಗೆ ಲಸಿಕೆಯ ಹನಿ ಬಿಟ್ಟಳು. ಹನಿ ಒಳಗೆ ಇಳಿದು ಮರಿ ರೆಪ್ಪೆ ಬಡಿಯುವವರೆಗೂ ಕೆಳಗೆ ಬಿಡುತ್ತಿರಲಿಲ್ಲ. ಹಿಡಿದುಕೊಡುತ್ತಿದ್ದವಳು ನಾನು. ನನ್ನ ಕೈ ನಡುಗುತ್ತಿತ್ತು. ಅವಳು ನೋಡಿಯೂ ನೋಡದ ಹಾಗೆ ಇದ್ದಳು.

ದಿನವೂ ಬೆಳಿಗ್ಗೆ ಒಳಗೆ ಹೋದ ಕೂಡಲೇ ನಾನು ಮೂಲೆಗಳನ್ನು ನೋಡುತ್ತಿದ್ದೆ. ನಾಲ್ಕು ಮೂಲೆ, ಆಮೇಲೆ ಮೆಶ್ಶಿನ ಅಂಚು, ಆಮೇಲೆ ನೆಲದ ಹಿಕ್ಕೆ. ಅದಾದ ಮೇಲೆಯೇ ಕೋಳಿಗಳನ್ನು ನೋಡುವುದು. ಒಂದು ದಿನ ಆಚೆ ಬದಿಯ ಮೂಲೆಯಲ್ಲಿ ಒಂದು ಮರಿ ಪುಕ್ಕ ಉಬ್ಬಿಸಿಕೊಂಡು ನಿಂತಿತ್ತು. ಕಣ್ಣು ಮುಚ್ಚಿತ್ತು. ನಾನು ಹೊರಗೆ ಬಂದು ಕಲ್ಲು ಚಪ್ಪಡಿಯ ಮೇಲೆ ಕೂತುಬಿಟ್ಟೆ. ಅತ್ತೆ ಒಳಗೆ ಹೋದರು, ಸ್ವಲ್ಪ ಹೊತ್ತಿಗೆ ಬಂದರು.

"ಬೇರೆ ಮರಿಗೋಳು ಕುಕ್ಕವೆ, ನೆತ್ತಿ ಮೇಲೆ ಗಾಯ ಆಗೈತೆ. ಅರಿಸಿನ ಹಚ್ಚಿವ್ನಿ. ನಿನ್ ಮುಖ ನೋಡುದ್ರೆ ಕೋಳಿಗೇ ಭಯ ಆಯ್ತದೆ. ಹೋಗು, ಟೀ ಕುಡಿ."

ಸಂಜೆಗೆ ಆ ಮರಿ ಎಲ್ಲದರ ಜೊತೆ ಕಾಳು ಹೆಕ್ಕುತ್ತಿತ್ತು. ನೆತ್ತಿ ಹಳದಿಯಾಗಿದ್ದರಿಂದ ಗುರುತು ಸಿಕ್ಕಿತು. ಆದರೂ ನಾನು ಅದರ ಹಿಕ್ಕೆಯ ಬಣ್ಣ ನೋಡುವವರೆಗೂ ಕಾದಿದ್ದೆ.

ಎರಡನೆಯ ಸಲದ ಲಸಿಕೆ ನೀರಿನಲ್ಲಿ. ಡಾಕ್ಟ್ರಮ್ಮ ಲಸಿಕೆಯನ್ನು ಐಸ್ ತುಂಬಿದ ಪೆಟ್ಟಿಗೆಯಲ್ಲಿ ತಂದಿದ್ದಳು. ಲಸಿಕೆಯಲ್ಲಿ ಇರುವುದು ಜೀವ ಇರುವ ವೈರಸ್ಸು, ಬ್ಲೀಚಿಂಗ್ ಪುಡಿ ಸೋಕಿದ ನೀರಿಗೆ ಬಿದ್ದರೆ ಸತ್ತುಹೋಗುತ್ತದೆ ಎಂದು ಹಿಂದಿನ ದಿನವೇ ಹೇಳಿದ್ದಳು. ಅದಕ್ಕೆ ಬೋರ್‌ವೆಲ್ ನೀರನ್ನೇ ನೇರವಾಗಿ ಹಿಡಿದು, ಕೆನೆ ತೆಗೆದ ಹಾಲಿನ ಪುಡಿ ಕಲಸಿ ಇಟ್ಟಿದ್ದೆವು. ಕೋಳಿಗಳಿಗೆ ಬೆಳಿಗ್ಗೆಯಿಂದ ನೀರು ಕೊಡದೆ ಬಾಯಾರಿಸಿದ್ದೆವು. ಅವಳು ಲಸಿಕೆಯ ಜೊತೆ ಒಂದು ಬಣ್ಣದ ಮಾತ್ರೆ ಹಾಕಿದಳು. ನೀರೆಲ್ಲ ನೀಲಿಯಾಯಿತು.

ಡಬ್ಬಿಗಳನ್ನು ಇಟ್ಟ ಕೂಡಲೇ ಕೋಳಿಗಳು ಮುತ್ತಿಕೊಂಡವು. ಕುಡಿದಾದ ಮೇಲೆ ಒಂದೊಂದನ್ನು ಹಿಡಿದು, ಕೊಕ್ಕು ಬಿಡಿಸಿ, ನಾಲಿಗೆ ನೋಡಿದೆವು. ನೀಲಿ ಇದ್ದರೆ ಕುಡಿದಿದೆ ಎಂದು ಅರ್ಥ.

ಅತ್ತೆ ಒಂದರ ಬಾಯೊಳಗೆ ಇಣುಕಿ, "ಅಯ್ಯೋ, ನೇರಳೆ ಹಣ್ಣು ಕದ್ದು ತಿಂದಂಗವ್ನಲ್ಲವ್ವ ಇವ್ನು!" ಎಂದರು.

ಡಾಕ್ಟ್ರಮ್ಮ ಅಲ್ಲಲ್ಲಿ ಕೆಲವನ್ನು ಹಿಡಿದು ನೋಡಿ, ಸಾಕು ಎಂದಳು. ನನಗೆ ಸಾಕಾಗಲಿಲ್ಲ. ಅವಳು ಹೋದ ಮೇಲೂ ಹಿಡಿದು ಹಿಡಿದು ನೋಡಿದೆ. ಆಚೆ ಬದಿಯಲ್ಲಿ ಒಂದು ಸಣ್ಣ ಹೇಟೆಯ ನಾಲಿಗೆ ಎಂದಿನ ಹಾಗೇ ಇತ್ತು. ಉಳಿದವು ಅದನ್ನು ಡಬ್ಬಿಯ ಹತ್ತಿರ ಬಿಟ್ಟುಕೊಂಡಿರಲಿಲ್ಲ. ಡಬ್ಬಿಯ ತಳದಲ್ಲಿ ಉಳಿದಿದ್ದ ನೀಲಿ ನೀರಿನ ಮುಂದೆ ಅದನ್ನು ಹಿಡಿದು ಕೂತೆ. ಒಂದು ಗುಟುಕು ಕುಡಿದು ತಲೆ ಎತ್ತಿತು. ಇನ್ನೊಂದು ಕುಡಿಯಿತು. ಕೊಕ್ಕು ಬಿಡಿಸಿದೆ. ನೀಲಿ. ಅದನ್ನು ಬಿಟ್ಟು ಎದ್ದಾಗ ನನ್ನ ಬೆರಳುಗಳೂ ನೀಲಿಯಾಗಿದ್ದವು. ಊಟಕ್ಕೆ ಕೂತಾಗಲೂ ಬಣ್ಣ ಹೋಗಿರಲಿಲ್ಲ.

ಕೆಲವು ವಾರ ಕಳೆದ ಮೇಲೆ ಡಾಕ್ಟ್ರಮ್ಮ ರಕ್ತ ತೆಗೆಯಲು ಬಂದಳು. ರೋಗಕ್ಕೆ ಎದುರಾಗಿ ಕೋಳಿಯ ಮೈಯಲ್ಲಿ ಹುಟ್ಟಿರುವ ಶಕ್ತಿ ರಕ್ತದಲ್ಲಿ ಎಷ್ಟಿದೆ ಎಂದು ಅಳೆದರೆ ಲಸಿಕೆ ಹಿಡಿದಿದೆಯೋ ಇಲ್ಲವೋ ತಿಳಿಯುತ್ತದೆ. ರೆಕ್ಕೆಯ ಒಳಮಗ್ಗುಲ ಪುಕ್ಕ ಸರಿಸಿ, ಅಲ್ಲಿ ಕಾಣುವ ನೀಲಿ ನರಕ್ಕೆ ಸೂಜಿ ಚುಚ್ಚಿ, ಸ್ವಲ್ಪ ರಕ್ತ ಎಳೆಯುವಳು. ನಾನು ಕೋಳಿ ಹಿಡಿದುಕೊಳ್ಳುವುದು. ಅತ್ತೆ ಬಾಗಿಲಲ್ಲಿ ಮೊರ ಮಡಿಲಲ್ಲಿಟ್ಟುಕೊಂಡು ಅವರೆಕಾಯಿ ಸುಲಿಯುತ್ತ ಕೂತಿದ್ದರು. ಅವತ್ತು ನನ್ನ ಗಂಡನದು ರಾತ್ರಿ ಪಾಳಿ. ಹಗಲು ಮನೆಯಲ್ಲೇ ಇದ್ದುದರಿಂದ ಅವರೂ ಬಂದು ನಿಂತಿದ್ದರು.

"ಈಚೆದು ಮುಗೀತು ಅಕ್ಕ," ಎಂದಳು ಡಾಕ್ಟ್ರಮ್ಮ, ಚಪ್ಪಲಿ ಬದಲಾಯಿಸುತ್ತ. "ಇನ್ನು ಏನೂ ಕೊಡದೇ ಇರೋ ಕಡೆದು."

"ಯಾರ್ ಹೇಳುದ್ದು ಏನೂ ಕೊಟ್ಟಿಲ್ಲ ಅಂತ?" ಎಂದರು ಅತ್ತೆ, ಕಾಯಿಯಿಂದ ಕಣ್ಣೆತ್ತದೆ.

ಡಾಕ್ಟ್ರಮ್ಮನ ಒಂದು ಕಾಲು ಚಪ್ಪಲಿಯೊಳಗಿತ್ತು, ಇನ್ನೊಂದು ಹೊರಗೇ ನಿಂತಿತು. "ಅಜ್ಜಿ?"

"ನಿನ್ ಪುಡಿ ಮುಟ್ಟಿಲ್ಲ ಕಣವ್ವ. ಆಣೆ ಮಾಡ್ತೀನಿ. ಮಜ್ಜಿಗೆ ಕೊಟ್ಟೆ."

"ಮಜ್ಜಿಗೆ."

"ಮಜ್ಜಿಗೇಲೂ ಅಂಥದ್ದೇ ಇರ್ತದೆ ಅಂತ ನೀನೇ ಹೇಳ್ದಲ್ಲ."

"ಯಾವತ್ತಿಂದ ಅಜ್ಜಿ?"

"ಮರಿ ಬಂದ ಮಾರನೇ ದಿನದಿಂದ. ಇವ್ಳು ಡೈರಿಗೆ ಹಾಲು ಹಾಕಕ್ಕೆ ಹೋಯ್ತಾಳಲ್ಲ, ಆಗ. ಬರೋ ಹೊತ್ಗೆ ಡಬ್ಬಿ ತೊಳ್ದು ಇಟ್ಟಿರ್ತಿದ್ದೆ. ಆಚೆ ಕಡೆ ಚಪ್ಪಲಿ ಹಾಕ್ಕೊಂಡೇ ಹೋಗಿವ್ನಿ, ಅದ್ರಲ್ಲೇನೂ ತಪ್ಪು ಹುಡುಕ್ಬೇಡ."

"ಉಪ್ಪು ಹಾಕಿದ್ರಾ?"

"ಕೋಳಿಗೆ ಯಾರಾದ್ರೂ ಉಪ್ಪು ಹಾಕಿ ಕೊಡ್ತಾರೇನವ್ವ? ಓದ್ದೋಳು ಕೇಳೋ ಮಾತಾ ಇದು?"

"ಅಮ್ಮಾ!" ಎಂದು ನನ್ನ ಗಂಡ ಜೋರು ಮಾಡಿದರು. "ಆ ಹುಡ್ಗಿ ಓದು ಹಾಳು ಮಾಡ್ಬುಟ್ಟೆ ನೀನು. ಒಂದ್ ಕಡೆ ಕೊಡ್ಬಾರ್ದು ಅಂತ ಮೊದ್ಲೇ ಹೇಳಿರ್ಲಿಲ್ವಾ?"

ಅತ್ತೆ ಮೊರವನ್ನು ಪಕ್ಕಕ್ಕಿಟ್ಟರು. ಊರಲ್ಲಿ ಯಾರ ಮನೆಯ ಮದುವೆಯಾದರೂ ತುಪ್ಪ ಬಡಿಸಲು ನನ್ನ ಅತ್ತೆಯನ್ನೇ ಕರೆಯುತ್ತಾರೆ. ಮೊದಲ ಎಲೆಗೆ ಬಿದ್ದಷ್ಟೇ ತುಪ್ಪ ಕೊನೆಯ ಎಲೆಗೂ ಬೀಳುತ್ತದೆ ಎಂಬ ನಂಬಿಕೆ. ಗೌಡರ ಎಲೆಗೂ ಅಷ್ಟೇ, ಪಾತ್ರೆ ತೊಳೆಯಲು ಬಂದವರ ಎಲೆಗೂ ಅಷ್ಟೇ.

"ಒಂದೇ ಮನೇಲಿ ಕೂರ್ಸಿ, ಇವಕ್ಕೆ ಬಡಿಸೋದು, ಅವು ಮೆಶ್ಶಲ್ಲಿ ಇಣುಕಿ ನೋಡ್ತಾ ಇರೋದು. ನನ್ ಕೈಲಿ ಆಗಲಿಲ್ಲ ಕಣಪ್ಪ," ಎಂದರು. ದನಿಯಲ್ಲಿ ಜೋರಿರಲಿಲ್ಲ. "ಅದೂ ಅಲ್ದೆ, ಹೋದ್ಸಲ ನೋಡಿವ್ನಿ. ಆಚೆ ಕಡೆಯವೇ ಸತ್ತಿದ್ರೆ?"

ಡಾಕ್ಟ್ರಮ್ಮ ತೌಡಿನ ಮೂಟೆಯ ಮೇಲೆ ಕೂತು ಮುಖಕ್ಕೆ ಕೈ ಇಟ್ಟುಕೊಂಡಳು. ಅವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಳೋ ನಗುತ್ತಿದ್ದಳೋ ನಾನು ಹೇಳಲಾರೆ. ಕೈ ತೆಗೆದಾಗ ಕಣ್ಣು ಒದ್ದೆಯಾಗಿತ್ತು, ಅಷ್ಟು ಕಂಡೆ. ಎದ್ದು ಇನ್ನೊಂದು ಚಪ್ಪಲಿಯನ್ನೂ ಹಾಕಿಕೊಂಡಳು.

"ಹಿಡ್ಕೊಳ್ಳಿ ಅಕ್ಕ. ಆಚೆದೂ ತೆಗೀತೀನಿ."

"ಇನ್ನೇನು ಪ್ರಯೋಜನ?" ಎಂದರು ನನ್ನ ಗಂಡ.

"ನನ್ನ ಓದಿಗೆ ಬರಲ್ಲ. ಕೋಳಿಗೆ ಲಸಿಕೆ ಹಿಡಿದಿದೆಯೋ ಇಲ್ವೋ ನಿಮಗೆ ಗೊತ್ತಾಗ್ಬೇಕಲ್ಲ."

ಆಚೆ ಬದಿಯಲ್ಲಿ ನಾನು ಮೊದಲು ಹಿಡಿದುಕೊಟ್ಟದ್ದು, ಕೂತು ನೀಲಿ ನೀರು ಕುಡಿಸಿದ್ದ ಆ ಸಣ್ಣ ಹೇಟೆಯನ್ನೇ. ಸೂಜಿ ಹೋದಾಗಲೂ ಅದು ಅಲುಗಲಿಲ್ಲ. ನನ್ನ ಕೈಯೂ ಅಲುಗಲಿಲ್ಲ ಎಂಬುದು ಆಮೇಲೆ ಹೊಳೆಯಿತು.

ಪರೀಕ್ಷೆಯ ಫಲ ಬರುವವರೆಗಿನ ದಿನಗಳ ಬಗ್ಗೆ ಬರೆಯಲು ಹೆಚ್ಚಿಲ್ಲ. ಗೋಡೌನಿನವರು ಇನ್ನೊಮ್ಮೆ ಫೋನು ಮಾಡಿದರು. ನನ್ನ ಗಂಡ ಅಂಗಳದಲ್ಲಿ ಓಡಾಡುತ್ತ, ಸ್ವಲ್ಪ ತಡೀರಿ, ಹೇಳ್ತೀನಿ ಎಂದರು. ಅತ್ತೆ ಮಜ್ಜಿಗೆ ಕಡೆಯುವುದನ್ನು ಬಿಡಲಿಲ್ಲ. ಈಗ ಕದ್ದು ಕೊಡಬೇಕಾಗಿರಲಿಲ್ಲವಾದ್ದರಿಂದ ಚೆಂಬು ಹಿಡಿದು ನೇರವಾಗಿಯೇ ಹೋಗುತ್ತಿದ್ದರು.

ಡಾಕ್ಟ್ರಮ್ಮ ಫೋನಿನಲ್ಲಿ ಹೇಳದೆ, ಸ್ಕೂಟರಿನಲ್ಲಿ ಬಂದೇ ಹೇಳಿದಳು. ಹೆಲ್ಮೆಟ್ಟು ತೆಗೆಯುವ ಮುಂಚೆಯೇ ಹೇಳಿದಳು.

"ಹಿಡಿದಿದೆ ಅಕ್ಕ. ಎರಡೂ ಕಡೆ. ಚೆನ್ನಾಗಿ ಹಿಡಿದಿದೆ."

ನಾನು ಕೇಳಿಸದವಳ ಹಾಗೆ ಇನ್ನೊಮ್ಮೆ ಹೇಳಿಸಿದೆ. ನನ್ನ ಗಂಡ ಕೇಳಿದರು: "ಯಾವುದರಿಂದ ಹಿಡೀತು? ಪುಡಿಯಿಂದಲೋ, ಮಜ್ಜಿಗೆಯಿಂದಲೋ?"

"ಗೊತ್ತಿಲ್ಲ," ಎಂದಳು ಅವಳು. "ಎರಡೂ ಇಲ್ಲದೆ ಲಸಿಕೆಯೊಂದರಿಂದಲೇ ಇಷ್ಟು ಬರ್ತಿತ್ತೋ ಏನೋ. ಏನೂ ಕೊಡದೇ ಇರೋ ಕೋಳಿ ಒಂದೂ ಇರಲಿಲ್ಲವಲ್ಲ, ಹೋಲಿಸಿ ನೋಡೋಕೆ."

ಆ ಒಂದು ಮಾತು ನನಗೆ ಎಷ್ಟು ನೆಮ್ಮದಿ ಕೊಟ್ಟಿತೆಂದು ಅವಳಿಗೆ ತಿಳಿದಿರಲಾರದು. ಹಿಂದಿನ ಸಲ ಕೋಳಿ ಸತ್ತಾಗ ಎಲ್ಲರಿಗೂ ಕಾರಣ ಗೊತ್ತಿತ್ತು. ಈಗ ಬದುಕಿದಾಗ, ತಿಳಿದವಳೊಬ್ಬಳು ನಮ್ಮ ಅಂಗಳದಲ್ಲಿ ನಿಂತು ಗೊತ್ತಿಲ್ಲ ಎಂದಳು, ಮತ್ತು ಇನ್ನೊಮ್ಮೆ ನೋಡಬೇಕು ಎಂದಳು. ಅಂಥವಳನ್ನು ನಂಬಬಹುದು ಅನ್ನಿಸಿತು.

ನನ್ನ ಗಂಡ ಹಿತ್ತಿಲ ಕಡೆ ಹೋಗಿ ಫೋನು ಮಾಡಿದರು. "ಇಲ್ಲ ಸ್ವಾಮಿ, ಶೆಡ್ಡಲ್ಲಿ ಕೋಳಿ ಅವೆ," ಎಂದದ್ದು ಅಡುಗೆಮನೆಯವರೆಗೂ ಕೇಳಿಸಿತು.

ಇನ್ನೊಮ್ಮೆ ನೋಡಬೇಕಾದರೆ ಅತ್ತೆ ಒಪ್ಪಬೇಕಿತ್ತು. ಡಾಕ್ಟ್ರಮ್ಮ ಅವರ ಪಕ್ಕದಲ್ಲಿ ನೆಲದ ಮೇಲೆ ಕೂತು ಮಾತಾಡಿದಳು. ಈ ಸಲ ಮೂರು ಬದಿ ಮಾಡೋಣ, ಒಂದಕ್ಕೆ ಪುಡಿ, ಒಂದಕ್ಕೆ ನಿಮ್ಮ ಮಜ್ಜಿಗೆ, ಒಂದಕ್ಕೆ ಬರೀ ನೀರು ಎಂದಳು.

"ಬರೀ ನೀರಿನವು ಪಾಪ, ಅವು ಏನ್ ಮಾಡವೆ?"

"ಅವುಕ್ಕೂ ಲಸಿಕೆ ಹಾಕ್ತೀವಿ ಅಜ್ಜಿ. ಯಾವುದಾದ್ರೂ ಸೊರಗಿದ್ರೆ ಅವತ್ತೇ ಫೋನ್ ಮಾಡಿ, ನಾನೇ ಬರ್ತೀನಿ. ರಕ್ತ ತೆಗೆದ ಮೇಲೆ ನೀವು ಏನ್ ಬೇಕಾದ್ರೂ ಕೊಡಿ."

ಅತ್ತೆ ಅವಳ ಕಡೆ ತಿರುಗಿ ಕೂತರು. "ರಕ್ತ ತೆಗೆದ ದಿನಾನೇ?"

"ಆ ದಿನಾನೇ."

"ಸಂಜೆ ತಂಕ ಕಾಯಲ್ಲ ನಾನು."

"ಸೂಜಿ ತೆಗೆದ ಕೂಡ್ಲೇ ಕೊಡಿ ಅಜ್ಜಿ."

ಈ ಬ್ಯಾಚನ್ನು ಅಡ್ಡಲಾಗಿ ಎರಡು ಮೆಶ್ ಕಟ್ಟಿ ಸಾಕಿದ್ದೇವೆ. ನಾನು ಈಗಲೂ ಮೊದಲು ಮೂಲೆಗಳನ್ನೇ ನೋಡುತ್ತೇನೆ. ಆ ಅಭ್ಯಾಸ ಹೋಗುವುದಿಲ್ಲ, ಹೋಗಬೇಕೆಂದೂ ಇಲ್ಲ. ಅತ್ತೆ ಮಾತು ಉಳಿಸಿಕೊಂಡರು. ಬರೀ ನೀರಿನ ಬದಿಗೆ ಅವರು ಕಾಲಿಡಲಿಲ್ಲ. ಆ ಬದಿಯ ಕಡೆ ಹೋಗುವ ಕೆಲಸ ಬಂದರೆ ನನಗೇ ಹೇಳುತ್ತಿದ್ದರು, ಮತ್ತು ಮೆಶ್ಶಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು.

ನಿನ್ನೆ ರಕ್ತ ತೆಗೆದದ್ದಾಯಿತು. ಫಲ ಬರಲು ಇನ್ನೂ ದಿನಗಳಿವೆ. ಏನು ಬರುತ್ತದೋ ನನಗೆ ಗೊತ್ತಿಲ್ಲ, ಡಾಕ್ಟ್ರಮ್ಮನಿಗೂ ಗೊತ್ತಿಲ್ಲ. ಅವಳು ಮೂರನೆಯ ಬದಿಯ ಕೊನೆಯ ಕೋಳಿಯ ರೆಕ್ಕೆಯನ್ನು ಹತ್ತಿಯಿಂದ ಒತ್ತಿ ಹಿಡಿದಿರುವಾಗಲೇ ಅತ್ತೆ ಆ ಬದಿಯ ಚಪ್ಪಲಿ ಹಾಕಿಕೊಂಡು, ಎರಡೂ ಕೈಯಲ್ಲಿ ಚೆಂಬು ಹಿಡಿದು, ಬಾಗಿಲಲ್ಲಿ ಬಂದು ನಿಂತಿದ್ದರು.

"ಮುಗೀತಾ?"

"ಮುಗೀತು ಅಜ್ಜಿ. ಬನ್ನಿ."

ಅತ್ತೆ ಬಗ್ಗಿ ಮೊದಲ ಡಬ್ಬಿಗೆ ಸುರಿದರು, ಎರಡನೆಯದಕ್ಕೆ ಸುರಿದರು, ಕೊನೆಯದಕ್ಕೂ ಅಷ್ಟೇ ಬಿತ್ತೇ ಎಂದು ಬಾಗಿ ನೋಡಿದರು. ಕೋಳಿಗಳು ಮೊದಲು ಹಿಂದೆ ಸರಿದು, ಆಮೇಲೆ ಒಂದೊಂದಾಗಿ ಬಂದು, ಕೊಕ್ಕು ಅದ್ದಿ, ತಲೆ ಎತ್ತಿ ನುಂಗಿದವು. ಕೊಕ್ಕಿನ ತುದಿಯಲ್ಲಿ ಬಿಳಿ ಹನಿ ನಿಂತಿತ್ತು.